ಕಸಿದುಕೊಂಡ ಡಿಸೆಂಬರ್ ಒಂದು

ಹಿಂದಿನ ಸಲ ಡಿಸೆಂಬರ್ ಒಂದರಂದು ನಾನು ರೊಮೇನಿಯಾದವರ ಹಬ್ಬವೊಂದನ್ನು ಕಸಿದುಕೊಂಡೆ. ಕಸಿದುಕೊಂಡು ಏನು ಮಾಡಿದೆ ಅಂತೀರಾ? ಮಧ್ಯಾಹ್ನ ಮೊಸರನ್ನ ಉಂಡು ಸೋಫಾ ಮೇಲೆ ಬಿದ್ದುಕೊಂಡಿದ್ದೆ.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ವಾರವಾರ ನಿಮ್ಮೆದುರು ಊರವರ ತಪ್ಪನ್ನೆಲ್ಲ ಆಡಿಕೊಳ್ಳುವವನು ತನ್ನದನ್ನು ಮಾತ್ರ ಮುಚ್ಚಿಟ್ಟುಕೊಂಡರೆ ಹೇಗೆ?

ನಾನಿರುವ ಇಂಗೋಲ್‌ಸ್ಟಾಟ್ ಕಾರು ತಯಾರಿಸುವ ಊರು. ನಮ್ಮ ಕನ್ನಡ ಸಂಘದಲ್ಲಿ ಅರ್ಧ ಜನ ನನ್ನ ಹಾಗೆ ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆಯವರು. ಇನ್ನರ್ಧ ಬೆಂಗಳೂರು, ಮೈಸೂರಿನವರು. ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತೇವೆ. ಆದರೆ ನವೆಂಬರ್ ಒಂದರಂದು ಮಾಡುವ ಹಾಗಿಲ್ಲ. ಬವೇರಿಯಾದಲ್ಲಿ ಅವತ್ತು ಮೌನದ ದಿನ, ಎಲ್ಲರೂ ಸಮಾಧಿಗಳಿಗೆ ಹೂವಿಟ್ಟು ಬರುತ್ತಾರೆ. ಹಾಲ್‌ನಲ್ಲಿ ಕುಣಿತಕ್ಕೆ ಕಾನೂನೇ ಅಡ್ಡ. ಅದೇ ತಿಂಗಳ ಇನ್ನೆರಡು ಭಾನುವಾರಗಳದ್ದೂ ಇದೇ ಕಥೆ. ನಮ್ಮ ನಾಡು ಹುಟ್ಟಿದ ತಿಂಗಳು ಇವರಿಗೆ ಸತ್ತವರನ್ನು ನೆನೆಯುವ ತಿಂಗಳು! ಹೀಗಾಗಿ ಹಾಲ್ ಸಿಕ್ಕ ದಿನವೇ ನಮಗೆ ರಾಜ್ಯೋತ್ಸವ. (ಒಂದು ವರ್ಷ ಎಳ್ಳುಬೆಲ್ಲದ ಜೊತೆಗೇ ಮುಗಿಸಿದ್ದೂ ಉಂಟು.)

ಹಿಂದಿನ ಸಲ ಡಿಸೆಂಬರ್ ಒಂದು ಭಾನುವಾರ ಬಂದಿತ್ತು. ಸಂಘದ ಅಧ್ಯಕ್ಷ ಸಂದೀಪ್ ಬೆಂಗಳೂರಿನ ಹುಡುಗ, ಚುರುಕು. ವಿಚಾರಿಸಿದರೆ ಹಾಲ್ ಅವತ್ತು ರೊಮೇನಿಯಾದವರ ಹೆಸರಲ್ಲಿತ್ತು. ಬುಕ್ ಮಾಡಿದ್ದವರು ನಮ್ಮ ಮೇಲಿನ ಮನೆಯ ಡೊರಿನಾ.

“ಸರ್, ನಿಮ್ ಬಿಲ್ಡಿಂಗ್‌ನವ್ರೇ ಅಲ್ವಾ? ಒಂದ್ ಮಾತ್ ಕೇಳಿ ಸರ್. ನೆಕ್ಸ್ಟ್ ಸ್ಯಾಟರ್ಡೇ ಮಾಡ್ಕೊಳ್ಳಿ ಅನ್ನಿ. ಡೇಟ್‌ದೇನ್ ದೊಡ್ ವಿಷ್ಯ?” ಅಂದ ಸಂದೀಪ್.

ನನಗೂ ಹಾಗೇ ಅನ್ನಿಸಿತ್ತು. ನಾವು ಮೂರು ತಿಂಗಳು ಆಚೀಚೆ ಮಾಡುವಾಗ ಇವರಿಗೆ ಆರು ದಿನ ಒಂದು ಲೆಕ್ಕವೇ?

ಡೊರಿನಾ ವೃದ್ಧಾಶ್ರಮವೊಂದರಲ್ಲಿ ನರ್ಸ್. ವಯಸ್ಸು ಐವತ್ತು ದಾಟಿದೆ. ನನ್ನ ಹೆಂಡತಿಗೆ ಆಪರೇಷನ್ ಆದಾಗ ಕರೆಯದೆ ಬಂದು ದಿನಾ ಡ್ರೆಸ್ಸಿಂಗ್ ಮಾಡಿ ಹೋದವರು. ನನ್ನ ಮಾತು ತೆಗೆದುಹಾಕಲಾರರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ.

ಕಾಫಿ ಕೊಟ್ಟು ಅವರು ತಮ್ಮ ಹಬ್ಬದ ವಿಷಯ ಹೇಳಿದರು. 1918, ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಡಿಸೆಂಬರ್ ಒಂದರಂದು ಆಲ್ಬಾ ಯೂಲಿಯಾ ಎಂಬ ಊರಲ್ಲಿ ಜನ ಚಳಿಯಲ್ಲಿ ಸಾಗರದಂತೆ ಸೇರಿದರು. ಅಲ್ಲಿಯವರೆಗೆ ಬೇರೆ ಸಾಮ್ರಾಜ್ಯದಡಿ ಇದ್ದ ಟ್ರಾನ್ಸಿಲ್ವೇನಿಯಾದ ರೊಮೇನಿಯನ್ನರು, ನಾವು ರೊಮೇನಿಯಾದ ಜೊತೆ ಒಂದಾಗುತ್ತೇವೆ ಎಂದು ಅವತ್ತು ಸಾರಿದರು. ಮುಂದೆ ಬಂದ ಕಮ್ಯುನಿಸ್ಟ್ ಸರ್ಕಾರ ಆಗಸ್ಟ್‌ನ ಒಂದು ದಿನವನ್ನು ರಾಷ್ಟ್ರೀಯ ದಿನ ಮಾಡಿಕೊಂಡಿತು. 1989ರಲ್ಲಿ ಅದು ಉರುಳಿದ ಮೇಲೇ ಡಿಸೆಂಬರ್ ಒಂದಕ್ಕೆ ಆ ಪಟ್ಟ ಸಿಕ್ಕಿದ್ದು.

“ಶಾಲೆಯಲ್ಲಿ ನಮ್ಮನ್ನು ಆಗಸ್ಟ್ ಬಿಸಿಲಲ್ಲಿ ಮೆರವಣಿಗೆ ಮಾಡಿಸುತ್ತಿದ್ದರು. ನಮ್ಮಜ್ಜ ಮಾತ್ರ ಡಿಸೆಂಬರ್ ಒಂದರಂದು ಒಗೆದ ಅಂಗಿ ಹಾಕಿಕೊಂಡು ಅಡುಗೆಮನೆಯಲ್ಲಿ ಸುಮ್ಮನೆ ಕೂರುತ್ತಿದ್ದ. ಯಾಕೆ ಅಂತ ಕೇಳಿದರೆ ಚಳಿ ಅನ್ನುತ್ತಿದ್ದ” ಎಂದರು ಡೊರಿನಾ.

ಇಷ್ಟು ಕೇಳಿದ ಮೇಲಾದರೂ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ನಮ್ಮ ಕಥೆ ಶುರು ಮಾಡಿದೆ. ನಮ್ಮಜ್ಜ ಮುಂಬೈ ಪ್ರಾಂತ್ಯದವನು, ಹೆಂಡತಿಯ ಅಜ್ಜ ಹೈದರಾಬಾದ್ ನಿಜಾಮನ ಕಡೆಯವನು, ನಾವೆಲ್ಲ ಮೈಸೂರಿನವರ ಜೊತೆ ಒಂದೇ ರಾಜ್ಯವಾದದ್ದು 1956ರಲ್ಲಿ ಎಂದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರೂ ಬಂತು. (ನಾಟಕವಲ್ಲ. ಆದರೆ ಕೆಲಸ ನಾಟಕದ್ದನ್ನೇ ಮಾಡಿತು.)

ಡೊರಿನಾ ಕಪ್ಪು ಕೆಳಗಿಟ್ಟರು. “ಹಾಗಾದರೆ ನೀವೇ ತಗೊಳ್ಳಿ. ನಾವು ಶನಿವಾರ ಮಾಡುತ್ತೇವೆ” ಎಂದರು.

ಸಂಘದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನನಗೆ ಹೂವಿನ ಮಳೆ. ಅದು ಹದಿನೈದು ದಿನ ಬಾಳಿತು.

ಆಮೇಲೆ ಬಂತು ಕಾರ್ಯಕ್ರಮದ ಪಟ್ಟಿ. ನಮ್ಮ ಕಡೆಯವರ ಕಿರುನಾಟಕವನ್ನು ಊಟದ ನಂತರಕ್ಕೆ, ಎಲ್ಲರೂ ಕೋಟು ಹಾಕಿಕೊಂಡು ಹೊರಡುವ ಹೊತ್ತಿಗೆ ತಳ್ಳಿದ್ದರು. ನಾಟಕ ಮಾಡಿಸುತ್ತಿದ್ದ ಹುಬ್ಬಳ್ಳಿಯ ಬಸವರಾಜ ಯಾಕೆಂದು ಕೇಳಿದರೆ, “ನಿಮ್ ಲ್ಯಾಂಗ್ವೇಜ್ ಮಕ್ಕಳಿಗೆ ಅರ್ಥ ಆಗಲ್ಲ ಸರ್, ಸಬ್‌ಟೈಟಲ್ ಬೇಕಾಗುತ್ತೆ” ಎಂದು ಬರೆದು, ನಗುವ ಮುಖ ಅಂಟಿಸಿದ ಸಂದೀಪ್.

“ಕನ್ನಡಕ್ಕ ಸಬ್‌ಟೈಟಲ್ ಹಾಕಾವ್ರು ನೀವು! ಹಾಕ್ಕೋರಿ. ನಾವು ಬರಂಗಿಲ್ಲ” ಅಂದ ಬಸವರಾಜ. ಅಂದವನೇ ಗ್ರೂಪ್ ಬಿಟ್ಟ. ಅವನ ಹಿಂದೆ ಒಬ್ಬೊಬ್ಬರೇ ಬಿಟ್ಟರು. ನಾನು? ಹಾಲ್ ತಂದುಕೊಟ್ಟವನು ನಾನು, ನಡುವೆ ನಿಂತು ಎರಡು ಮಾತಾಡಬೇಕಿತ್ತು. ನಾನೂ ಬಿಟ್ಟೆ. ಮೈಯೆಲ್ಲ ಉರಿದಿತ್ತು.

ಶುಕ್ರವಾರ ಸಂಜೆ ಸಂದೀಪ್ ಫೋನ್ ಮಾಡಿದ. ಜನ ಕಮ್ಮಿ, ಪ್ರೋಗ್ರಾಂ ಕ್ಯಾನ್ಸಲ್, ಅಡುಗೆಯವರಿಗೂ ಬೇಡ ಅಂದಿದ್ದೀನಿ ಎಂದ. ನಾನು “ಆತು” ಅಂದು ಇಟ್ಟೆ.

ಈಗ ನೀವು ಕೇಳುತ್ತೀರಿ, ಆಗಲೇ ಮೇಲೆ ಹೋಗಿ ಡೊರಿನಾಗೆ ಹೇಳಬಹುದಿತ್ತಲ್ಲ ಎಂದು. ಇಪ್ಪತ್ತು ಮೆಟ್ಟಿಲು. ಆದರೆ ಏನಂತ ಹೇಳುವುದು? ನಾಡು ಒಂದಾದದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ವರ್ಣಿಸಿ ಬಂದವನು, ನಾಟಕದ ಸರದಿಗೆ ಜಗಳವಾಡಿ ಒಡೆದೆವು ಅನ್ನುವುದೇ? ಮರ್ಯಾದೆ ಅಡ್ಡ ಬಂತು. ಸುಮ್ಮನಾದೆ.

ಭಾನುವಾರ ನಾಲ್ಕು ಗಂಟೆಗೆ ಬೆಲ್ ಆಯಿತು. ಲುಂಗಿಯಲ್ಲೇ ಬಾಗಿಲು ತೆರೆದೆ. ಎದುರಿಗೆ ಡೊರಿನಾ. ತೋಳಿನ ತುಂಬ ಕಸೂತಿಯಿದ್ದ ಬಿಳಿ ರವಿಕೆ, ಮೇಲೆ ಕೋಟು, ಕೈಯಲ್ಲಿ ದೊಡ್ಡ ಪಾತ್ರೆ.

“ಹಾಲ್‌ಗೆ ಬೀಗ ಹಾಕಿದೆ. ನಾನೇನಾದರೂ ಹೊತ್ತು ತಪ್ಪಿ ಹೋದೆನಾ?”

ಪಾತ್ರೆಯಲ್ಲಿದ್ದದ್ದು ಅವರು ಆ ದಿನ ಮಾಡುವ ಹುರುಳಿಕಾಯಿ ಬೀಜದ ಗಟ್ಟಿ ಸಾರು. ಹೊಗೆಯಾಡಿಸಿದ ಹಂದಿಮಾಂಸ ಅದರ ಜೀವಾಳವಂತೆ. ನಮ್ಮಲ್ಲಿ ಬಹಳ ಜನ ತಿನ್ನುವುದಿಲ್ಲವೆಂದು ಮಾಂಸ ಬಿಟ್ಟು, ಹೊಸ ಪಾತ್ರೆಯಲ್ಲಿ ಮಾಡಿ ನಮ್ಮ ಹಬ್ಬಕ್ಕೆ ತಂದಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಶುಕ್ರವಾರವೇ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅವತ್ತೇ ಒಂದು ಮಾತು ಹೇಳಿದ್ದರೆ ಇಷ್ಟು ಹೊತ್ತಿಗೆ ನಮ್ಮ ಮಕ್ಕಳು ಕುಣಿಯುತ್ತಿದ್ದರು” ಅಂದರು, ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು.

ಮುಂದಿನ ಶನಿವಾರ ಕಿಟಕಿಯಿಂದ ನೋಡಿದೆ. ನಮ್ಮ ಕಟ್ಟಡದ ಮುಂದೆ ಕಸೂತಿ ಬಟ್ಟೆ ತೊಟ್ಟ ಮಕ್ಕಳು ಕಾರು ಹತ್ತುತ್ತಿದ್ದರು. ಡೊರಿನಾ ಒಂದು ಹುಡುಗಿಯ ಸೊಂಟಪಟ್ಟಿ ಬಿಗಿದು, ಕಾರಿಗೆ ಕೈಬೀಸಿ, ಯೂನಿಫಾರ್ಮಿನಲ್ಲಿ ಬಸ್ ಸ್ಟಾಪಿನ ಕಡೆ ನಡೆದರು. ಆ ಮಕ್ಕಳಿಗೆ ಎರಡು ತಿಂಗಳು ಕೈಕೈ ಹಿಡಿದು ವೃತ್ತವಾಗಿ ಕುಣಿಯುವುದನ್ನು ಕಲಿಸಿದ್ದವರು ಅವರೇ. ವರ್ಷದ ಮೊದಲಲ್ಲೇ ಬರೆದುಕೊಟ್ಟು ರಜೆ ಪಡೆದಿದ್ದದ್ದು ಭಾನುವಾರಕ್ಕೆ. ಶನಿವಾರದ ಡ್ಯೂಟಿ ಬದಲಿಸಿಕೊಳ್ಳಲು ಯಾರೂ ಸಿಗಲಿಲ್ಲವಂತೆ. ಇದನ್ನೆಲ್ಲ ಹೆಂಡತಿ ಹೇಳಿದಳು. ಹೇಳಿ, ನನ್ನ ಮುಖ ನೋಡದೆ ಒಳಗೆ ಹೋದಳು.

ನಾವು ಕಲಿತೆವಾ? ಕಲಿತೆವು. ಈಗ ಊರಲ್ಲಿ ಎರಡು ಕನ್ನಡ ಸಂಘಗಳಿವೆ, ಎರಡು ರಾಜ್ಯೋತ್ಸವ. ಹಾಲ್ ಒಂದೇ, ಅದನ್ನು ಈ ಸಲವೂ ಮೊದಲು ಬುಕ್ ಮಾಡಿರುವವರು ಡೊರಿನಾ. ನಿನ್ನೆ ಬೆಳಿಗ್ಗೆ ಸಂದೀಪ್ ಫೋನ್ ಮಾಡಿದ್ದ. ಸಂಜೆ ಬಸವರಾಜನೂ ಮಾಡಿದ. “ನೀವ ಒಂದ್ ಮಾತ್ ಕೇಳ್ರಿ, ನಿಮ್ಮ ಮಾತು ಆಕಿ ತೆಗದಹಾಕಂಗಿಲ್ಲ.”

ಎರಡೂ ಸಂಘದವರು ಒಂದಾಗಿ ಹೇಳಿದ್ದು ಇದೊಂದೇ ಮಾತು. ಯಾವ ಮುಖ ಹೊತ್ತು ಆ ಮೆಟ್ಟಿಲು ಹತ್ತಲಿ, ನೀವೇ ಹೇಳಿ?