ಎಚ್ಚರವಾಗಿರುವ ಚಿಕ್ಕಮ್ಮ

ದೊಡ್ಡಮ್ಮ ಅವಳನ್ನು ಮೊದಲು ಕಂಡದ್ದು ಮೆಟ್ಟಿಲ ಮೇಲೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಬೈಂಡಿಂಗ್ ಅಂಗಡಿ. ಅದಕ್ಕೆ ಹದಿನೇಳು ಮೆಟ್ಟಿಲು. ಹೊಲಿಗೆಗೆ ಹೊಸಬಳು ಬರುತ್ತಾಳೆ ಎಂದು ಯಜಮಾನರು ಹೇಳಿದ್ದರು. ಎಷ್ಟು ಹೊತ್ತಾದರೂ ಸುಳಿವಿಲ್ಲವೆಂದು ದೊಡ್ಡಮ್ಮ ಬಾಗಿಲಿಗೆ ಬಂದು ಇಣುಕಿದರೆ, ಆರನೆಯ ಮೆಟ್ಟಿಲ ಮೇಲೆ ಒಬ್ಬಳು ಗೋಡೆಗೆ ತಲೆ ಆನಿಸಿ ಕೂತಿದ್ದಳು. ತೊಡೆಯ ಮೇಲೆ ಎರಡು ವರ್ಷದ ಹೆಣ್ಣುಮಗು.

"ಕೆಲಸಕ್ಕೆ ಬಂದೆಯೋ, ಮೆಟ್ಟಿಲು ಕಾಯೋಕೆ ಬಂದೆಯೋ?"

"ಕೆಲಸಕ್ಕೇ ದೊಡ್ಡಮ್ಮ. ಉಳಿದ ಹನ್ನೊಂದನ್ನ ಸ್ವಲ್ಪ ಹೊತ್ತು ಬಿಟ್ಟು ಹತ್ತುತೀನಿ."

ಎಣಿಸಿದ್ದಾಳಲ್ಲ ಎಂದು ದೊಡ್ಡಮ್ಮನಿಗೆ ಒಳಗೊಳಗೇ ಹಿಡಿಸಿತು. ಎಣಿಸುವವರ ಕೈಯಲ್ಲಿ ಕೆಲಸ ಕೆಡುವುದಿಲ್ಲ.

ಗಂಡ ಸತ್ತ ವರ್ಷದಿಂದ ದೊಡ್ಡಮ್ಮನ ಕೆಲಸ ಅಂಟು ಕಾಯಿಸುವುದು. ಅಕ್ಷರ ಕೂಡಿಸಿ ಓದುವುದಕ್ಕೆ ಹೊತ್ತು ಹಿಡಿಯುತ್ತಿತ್ತು, ಆದರೆ ಅಂಟಿನ ಲೆಕ್ಕ ತಪ್ಪಿದ್ದಿಲ್ಲ. ಮೈದಾ ಒಂದು ಅಳತೆ, ನೀರು ಐದು. ಒಲೆ ಸಣ್ಣಗೆ ಇರಬೇಕು, ತಿರುವುವ ಕೈ ನಿಲ್ಲಬಾರದು. ನಿಂತರೆ ಗಂಟಾಗುತ್ತದೆ, ಗಂಟಾದರೆ ಇಡೀ ದಿನದ ಪುಸ್ತಕ ಉಬ್ಬುತ್ತದೆ. ಮೊದಲ ದಿನವೇ ಹೊಸಬಳಿಗೆ ಹೇಳಿಕೊಟ್ಟರು.

"ಕಿರುಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಡು. ಹಸಿ ಹಿಟ್ಟಿನ ರುಚಿ ಹೋಗಿದ್ರೆ ಬೆಂದಿದೆ ಅಂತ. ನನ್ನ ನಾಲಿಗೆಗೆ ವಯಸ್ಸಾಯ್ತು, ಇನ್ನುಮೇಲೆ ದಿನಾ ನೀನೇ ನೋಡಿ ಹೇಳು."

ಅವಳು ನೆಕ್ಕಿ ನೋಡಿ, "ಇನ್ನೂ ಎರಡು ನಿಮಿಷ" ಎಂದಳು. ಸರಿಯಾಗಿಯೇ ಹೇಳಿದ್ದಳು.

ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಹನ್ನೊಂದು ಗಂಟೆಗೆಲ್ಲ ಕಣ್ಣು ಎಳೆಯುತ್ತಿದ್ದವು. ಸೂಜಿ ಹಾಳೆಯಲ್ಲೇ ನಿಂತಿರುತ್ತಿತ್ತು, ಅವಳು ಮೇಜಿನ ಮೇಲೆ ಬಾಗಿರುತ್ತಿದ್ದಳು. ಪೇಪರ್ ಕತ್ತರಿಸುವ ಕಟಿಂಗ್ ಮಾಮ ಯಂತ್ರದ ಹಿಡಿ ಬಿಟ್ಟು, "ಶ್, ಮೆತ್ತಗೆ, ಮಹಾರಾಣಿಯವರು ಪುಸ್ತಕ ಓದ್ತಿದಾರೆ" ಎನ್ನುತ್ತಿದ್ದ. ಅವಳಿಗೆ ತೂಕಡಿಕೆ ಎಂದು ಹೆಸರಿಟ್ಟದ್ದು ಮಾತ್ರ ದೊಡ್ಡಮ್ಮನೇ. ಹೆಸರು ಅಂಟಿನಂತೆಯೇ ಹಿಡಿಯಿತು. ಗಂಡ ಎನ್ನಿಸಿಕೊಂಡವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದ. ಇಂಥ ನಿದ್ದೆಬುರುಕಿಯ ಜೊತೆ ಯಾರು ಬಾಳುತ್ತಾರೆ ಎಂದು ನೆಂಟರೆಲ್ಲ ಅವನ ಪರವೇ ಮಾತಾಡಿದ್ದರಂತೆ.

ಮಧ್ಯಾಹ್ನಕ್ಕೆ ಅವಳು ತರುತ್ತಿದ್ದದ್ದು ಎರಡು ಬನ್ನು. ತಿಂದಮೇಲೆ ಹೊಟ್ಟೆ ಉಬ್ಬುತ್ತದೆ ಎನ್ನುತ್ತಿದ್ದಳು. "ಶಕ್ತಿ ಬರಲಿ, ತಿನ್ನು" ಎಂದು ದೊಡ್ಡಮ್ಮ ತಮ್ಮ ಪಾಲಿನ ಬಿಸ್ಕತ್ತನ್ನೂ ಅವಳ ಕಡೆಗೇ ತಳ್ಳುತ್ತಿದ್ದರು.

ಒಂದು ದಿನ ಅಂಟು ಕುದಿಗೆ ಬರುವ ಹೊತ್ತು. ಮಗು ತಾಯಿಯ ತೋಳು ಹಿಡಿದು ಅಲುಗಿಸಿ, ಅಮ್ಮಾ ಎಂದು ಕರೆಯಿತು. ಮೂರು ಸಲ ಕರೆಯಿತು. ದೊಡ್ಡಮ್ಮ ಕೇಳಿಸಿಕೊಂಡರು, ಎಣಿಸಿದರು, ಆದರೆ ತಿರುವುವ ಕೈ ನಿಲ್ಲಿಸಲಿಲ್ಲ. ಇನ್ನೆರಡು ನಿಮಿಷ ಎಂದುಕೊಂಡರು. ಅಷ್ಟರಲ್ಲಿ ಟೈರ್ ಅಂಗಡಿಯವನು ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಮಗು ಹದಿನೇಳೂ ಮೆಟ್ಟಿಲು ಇಳಿದು, ಲಾರಿಗಳು ಓಡಾಡುವ ರಸ್ತೆಯ ನಡುವೆ ನಿಂತಿತ್ತಂತೆ. ಅವನು ಕೂಗಾಡಿದ ಮೇಲೂ ತಾಯಿಗೆ ಪೂರ್ತಿ ಎಚ್ಚರವಾಗಲಿಲ್ಲ. ಕೆನ್ನೆಯ ಮೇಲೆ ದಾರದ ಗುರುತು ಮೂಡಿತ್ತು.

ದೊಡ್ಡಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅದರಲ್ಲಿ ಅರ್ಧ ತಮ್ಮ ಮೇಲಿನದೇ ಎಂದು ತಿಳಿಯುವುದಕ್ಕೆ ಆಮೇಲೆ ವರ್ಷಗಳು ಹಿಡಿದವು. "ಎಂಥ ತಾಯಿಯೇ ನೀನು? ಸಾಕೋಕೆ ಆಗದಿದ್ರೆ ಸಾಕೋರಿಗೆ ಕೊಡು" ಎಂದುಬಿಟ್ಟರು.

ಅವಳು ಎಂಟು ದಿನಕ್ಕೆ ಮಗುವನ್ನು ಅಕ್ಕನ ಮನೆಗೆ ಬಿಟ್ಟು ಬಂದಳು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಅಕ್ಕನಿಗೆ ಮಕ್ಕಳಿರಲಿಲ್ಲ.

ಐದು ವರ್ಷ ಹೀಗೇ ಉರುಳಿತು. ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. "ಏನು ಮಾತಾಡಿದ್ಳು ಮಗಳು?" ಎಂದು ದೊಡ್ಡಮ್ಮ ಕೇಳಿದರೆ, "ಹೋದವಳೇ ಮಲಗಿಬಿಟ್ಟೆ ದೊಡ್ಡಮ್ಮ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಆರನೆಯ ಮೆಟ್ಟಿಲಲ್ಲೇ ಕಣ್ಣು ಕತ್ತಲಿಟ್ಟು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು. ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು: ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಶ ಇದೆ, ಅದು ಇವಳ ಕರುಳಿಗೆ ಆಗಿಬರುವುದಿಲ್ಲ, ತಿಂದದ್ದು ಮೈಗೆ ಹತ್ತದೆ ರಕ್ತ ಬತ್ತಿದೆ. ಬ್ರೆಡ್ಡು, ಬನ್ನು, ಬಿಸ್ಕತ್ತು ಬದುಕಿರುವ ತನಕ ಮುಟ್ಟಬಾರದು. ಅನ್ನ ತಿನ್ನಬಹುದು, ಜೋಳ ತಿನ್ನಬಹುದು.

"ಹಾಗಾದ್ರೆ ನಾನು ಸೋಮಾರಿ ಅಲ್ವಾ ಡಾಕ್ಟ್ರೇ?" ಎಂದಳಂತೆ.

"ಇಷ್ಟು ಕಡಿಮೆ ರಕ್ತದಲ್ಲಿ ನೀವು ಎದ್ದು ಕೆಲಸಕ್ಕೆ ಹೋಗ್ತಿದ್ರಲ್ಲ, ಅದೇ ಆಶ್ಚರ್ಯ" ಎಂದರಂತೆ ಅವರು.

ಇದನ್ನು ಅವಳು ನಗುತ್ತಲೇ ಹೇಳಿದಳು. ದೊಡ್ಡಮ್ಮ ಒಲೆಯ ಕಡೆ ತಿರುಗಿಕೊಂಡರು. ಆ ದಿನದಿಂದ ತೂಕಡಿಕೆ ಎಂಬ ಹೆಸರು ಅವರ ಬಾಯಿಂದ ಬರಲಿಲ್ಲ. ಕಟಿಂಗ್ ಮಾಮನ ಬಾಯಿಯನ್ನೂ ಮುಚ್ಚಿಸಿದರು.

ಅನ್ನದ ಡಬ್ಬಿ ಬರತೊಡಗಿತು. ಮೂರು ವಾರಕ್ಕೆ ಅವಳು ಕೂರುವ ಮೆಟ್ಟಿಲು ಆರರಿಂದ ಹತ್ತಕ್ಕೆ ಏರಿತು. ಆಮೇಲೆ ಏರಲಿಲ್ಲ; ಎರಡು ತಿಂಗಳಾದರೂ ಹತ್ತೇ. ಅವಳು ಸಪ್ಪೆ ಮುಖ ಮಾಡಿಕೊಂಡು, "ನನ್ನ ಹಣೆಬರಹ ಇಷ್ಟೇ ಏನೋ" ಎಂದಳು. ಕದ್ದು ತಿನ್ನುತ್ತಾಳೋ ಎಂದು ದೊಡ್ಡಮ್ಮ ಒಂದು ವಾರ ಕಣ್ಣಿಟ್ಟು ನೋಡಿದರು. ಒಂದು ಚೂರೂ ತಿನ್ನುತ್ತಿರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅಂಟಿನ ಪಾತ್ರೆ ಇಳಿಸಿದಾಗ, ಅವಳು ಎಂದಿನಂತೆ ಬಂದು ಕಿರುಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. "ಬೆಂದಿದೆ ದೊಡ್ಡಮ್ಮ."

ದೊಡ್ಡಮ್ಮ ಮೂಲೆಯಲ್ಲಿದ್ದ ಹಿಟ್ಟಿನ ಚೀಲದ ಮೇಲಿನ ಬರಹವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮೈದಾ ಅಂದರೆ ಗೋಧಿಯದೇ. ದಿನಾ ಬೆಳಿಗ್ಗೆ ತಮ್ಮ ಕೈಯಾರೆ ಬೇಯಿಸಿ, ನೆಕ್ಕು ಎಂದು ತಾವೇ ಕಲಿಸಿದ್ದು. ಅವಳ ಬೆರಳು ಹಿಡಿದುಕೊಂಡು, "ಉಗುಳು. ಬಾಯಿ ತೊಳಿ" ಎಂದರು. ಅವಳಿಗೆ ಅರ್ಥವಾಗುವ ಮೊದಲೇ ಪಾತ್ರೆಯನ್ನು ಬಚ್ಚಲಿಗೆ ಸುರಿದಿದ್ದರು.

ಮರುದಿನದಿಂದ ಅಕ್ಕಿಹಿಟ್ಟಿನ ಅಂಟು. ಮೊದಲ ಸಲದ್ದು ಒಣಗಿ ಬಿರುಕು ಬಿಟ್ಟಿತು. ಪುಸ್ತಕ ತೆರೆದರೆ ರಟ್ಟು ಕೈಗೆ ಬಂತು. ಕಟಿಂಗ್ ಮಾಮ ಅದನ್ನು ಎತ್ತಿ ಹಿಡಿದು, "ಓದೋರಿಗೆ ಅನುಕೂಲ ಆಯ್ತು, ಒಂದೊಂದು ಹಾಳೆ ಒಬ್ಬೊಬ್ರು ತಗೊಂಡು ಹೋಗಬಹುದು" ಎಂದ. ದೊಡ್ಡಮ್ಮ ನೀರು ಹೆಚ್ಚಿಸಿದರು, ಕಡಿಮೆ ಮಾಡಿದರು, ಮರಗೆಣಸಿನ ಹಿಟ್ಟು ಬೆರೆಸಿದರು. ಹನ್ನೊಂದನೆಯ ಸಲಕ್ಕೆ ಅಂಟು ಸರಿಯಾಗಿ ಕೂತಿತು. ಹಳೆಯ ಕುಂಚಗಳನ್ನೆಲ್ಲ ಎಸೆದು, ಮೇಜಿನ ಸಂದಿಯಲ್ಲಿದ್ದ ಹಿಟ್ಟನ್ನೂ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು.

ಆಮೇಲೆ ಮೆಟ್ಟಿಲು ಹನ್ನೆರಡಾಯಿತು, ಹದಿನೈದಾಯಿತು. ಒಂದು ದಿನ ಅವಳು ಹಾಳೆಯ ಕಟ್ಟನ್ನು ಹೆಗಲ ಮೇಲೆ ಹೊತ್ತು ಎಲ್ಲೂ ಕೂರದೆ ಹತ್ತಿ ಬಂದಳು. ಹಿಂದಿನ ದಿನ ಸಂಜೆ ಮನೆಯ ಪರದೆಗಳನ್ನೆಲ್ಲ ಒಗೆದು, ಮಾರುಕಟ್ಟೆಗೆ ನಡೆದು ಹೋಗಿ, ಬಂದು ಅಡುಗೆ ಮಾಡಿದ್ದಳಂತೆ. ಆದರೂ ಹೊತ್ತು ಉಳಿದಿತ್ತಂತೆ.

"ದೊಡ್ಡಮ್ಮ, ಎಲ್ರಿಗೂ ದಿನಾ ಹೀಗೇ ಇರುತ್ತಾ?"

"ಹೇಗೆ?"

"ಎದ್ದ ಮೇಲೆ ಎದ್ದೇ ಇರೋ ಹಾಗೆ."

ದೊಡ್ಡಮ್ಮ ಹ್ಞೂ ಎಂದಷ್ಟೇ ಹೇಳಿದರು.

ಮಗಳನ್ನು ಕರೆತರುವುದೊಂದೇ ಈಗ ಅವಳ ಬಾಯಲ್ಲಿ. ಕೋಣೆಗೆ ಸುಣ್ಣ ಹೊಡೆದಳು, ಚಿಕ್ಕ ಮಂಚ ತಂದಳು. ಬಾಗಿಲ ಹಿಂದೆ ಮಗಳ ಬಟ್ಟೆಗೆಂದು ಒಂದು ಮೊಳೆ ಹೊಡೆದಳು. ಮೊಳೆ ಅವಳ ಮೊಣಕಾಲಿಗಿಂತ ಒಂದು ಗೇಣಷ್ಟೇ ಮೇಲಿತ್ತು. ಎರಡು ವರ್ಷದ ಮಗುವಿನ ಕೈಗೆ ಎಟುಕುವ ಎತ್ತರ. ಹುಡುಗಿಗೆ ಈಗ ಏಳು ಎಂದು ದೊಡ್ಡಮ್ಮನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು.

ಜೊತೆಗೆ ಬನ್ನಿ ಎಂದಳು. ಹೋದರು. ಅಕ್ಕ ಒಳ್ಳೆಯವಳೇ. ಬಾಗಿಲಲ್ಲಿ ತಂಗಿಯ ಮುಖದಲ್ಲಿ ಬಣ್ಣ ಕಂಡು ಸಂತೋಷಪಟ್ಟಳು. ಮರುಗಳಿಗೆ ಅದೇ ಬಣ್ಣ ಕಂಡು ಹೆದರಿದಳು. ಎಲ್ಲರೂ ಕೂತರು. ಅವಳು ಮಾತು ತೆಗೆಯಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಒಳಗಿನಿಂದ ಒಂದು ದಿಂಬು ಅಪ್ಪಿಕೊಂಡು ಬಂದಿತು.

"ಅಮ್ಮಾ, ಚಿಕ್ಕಮ್ಮಂಗೆ ಇಲ್ಲೇ ಹಾಕ್ಲಾ, ಒಳಗೆ ಹಾಕ್ಲಾ?" ಎಂದು ಅಕ್ಕನನ್ನು ಕೇಳಿತು. ಆಮೇಲೆ ಇವಳ ಕಡೆ ತಿರುಗಿ, "ಮಲಗಿ ಚಿಕ್ಕಮ್ಮ. ಸುಸ್ತಾಗಿರುತ್ತೆ. ನಾನು ಗಲಾಟೆ ಮಾಡಲ್ಲ" ಎಂದಿತು.

ಅವಳು ದಿಂಬನ್ನು ನೋಡಿದಳು, ಅಕ್ಕನನ್ನು ನೋಡಿದಳು. ಆಮೇಲೆ ಗೋಡೆಯ ಬದಿಗೆ ಸರಿದು, ದಿಂಬಿಗೆ ತಲೆ ಕೊಟ್ಟು ಮಲಗಿ ಕಣ್ಣು ಮುಚ್ಚಿದಳು. ಹುಡುಗಿ ಕಿಟಕಿಯ ಪರದೆ ಎಳೆದು, ಹೊದಿಕೆಯನ್ನು ಅವಳ ಪಾದದವರೆಗೂ ಸರಿಮಾಡಿ, ಪಕ್ಕದಲ್ಲೇ ಕೂತು ಪಿಸುಮಾತಿನಲ್ಲಿ ಪಾಠ ಓದಿಕೊಂಡಿತು. ಒಂದು ಗಂಟೆ ಅವಳು ಹಾಗೇ ಮಲಗಿದ್ದಳು. ಅವಳಿಗೆ ಒಂದು ಚಣವೂ ನಿದ್ದೆ ಬಂದಿರಲಿಲ್ಲವೆಂದು ದೊಡ್ಡಮ್ಮನಿಗೆ ಗೊತ್ತಿತ್ತು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ದಿಂಬಿಗೆ ಇಳಿಯುತ್ತಿತ್ತು.

ಹೊರಡುವಾಗ ಅಕ್ಕ ಬಾಗಿಲ ಮರೆಯಲ್ಲಿ ನಿಂತು, "ಕೇಳೋಕೆ ಬಂದಿದ್ದೆ ಅಲ್ವೇನೇ?" ಎಂದಳು.

"ಇಲ್ಲ ಅಕ್ಕ. ನೋಡೋಕೆ ಬಂದಿದ್ದೆ."

ಬಸ್ಸಿನಲ್ಲಿ ನಾಲ್ಕು ಗಂಟೆಯೂ ನೆಟ್ಟಗೆ ಕೂತು ಬಂದಳು.

ತಿಂಗಳೊಳಗೆ ಅಕ್ಕನ ಊರಿನಲ್ಲೇ, ಎರಡು ಬೀದಿ ಆಚೆ, ಒಂದು ಪ್ರೆಸ್ಸಿನಲ್ಲಿ ಹೊಲಿಗೆಯ ಕೆಲಸ ಹಿಡಿದಳು. "ಅಮ್ಮ ಆಗೋ ಕಾಲ ಮಲಗಿ ಕಳೆದೆ. ಎಚ್ಚರವಾಗಿರೋ ಚಿಕ್ಕಮ್ಮ ಆದ್ರೂ ಆಗ್ತೀನಿ" ಎಂದಳು. ಹೊರಡುವ ದಿನ ದೊಡ್ಡಮ್ಮ ಒಂದು ಡಬ್ಬಿಯಲ್ಲಿ ಅಕ್ಕಿಹಿಟ್ಟು, ಮರಗೆಣಸಿನ ಹಿಟ್ಟು ಅಳೆದು ಬೆರೆಸಿ ಕೊಟ್ಟರು. ಅಲ್ಲಿ ಮೈದಾ ಅಂಟೇ ಇದ್ದರೆ ನಿನ್ನದನ್ನು ನೀನೇ ಕಾಯಿಸಿಕೋ ಎಂದರು.

ಅವಳು ಪೆಟ್ಟಿಗೆ ಹಿಡಿದು ಸರಸರನೆ ಮೆಟ್ಟಿಲು ಇಳಿದಳು. ಆರನೆಯ ಮೆಟ್ಟಿಲಿಗೆ ಬಂದಾಗ ಪೆಟ್ಟಿಗೆ ಕೆಳಗಿಟ್ಟಳು. ಸುಸ್ತಾಗಿರಲಿಲ್ಲ. ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನನ್ನು ನೋಡಿದಳು.

"ದೊಡ್ಡಮ್ಮ, ಅವತ್ತು ರಸ್ತೆಗೆ ಇಳಿಯೋ ಮೊದಲು, ಅವಳು ನನ್ನನ್ನ ಕರೆದಿದ್ಳಾ?"