ತಾರೆಯ ದನಿಯಲ್ಲಿ ಕೊಟ್ಟ ಭರವಸೆ

ಇಪ್ಪತ್ತೆರಡು ವರ್ಷ ನಾನು ಇನ್ನೊಬ್ಬಳ ಬಾಯಲ್ಲಿ ಮಾತಾಡಿದ್ದೇನೆ. ತೆರೆಯ ಮೇಲೆ ಕಣ್ಣೀರು ಸುರಿಸಿದವಳು ಅವಳು, ಬಿಕ್ಕಿದವಳು ನಾನು. ಅವಳು ಗಂಡನಿಗೆ ಬೈದದ್ದು, ಮಗುವಿಗೆ ಜೋಗುಳ ಹೇಳಿದ್ದು, ಆಸ್ಪತ್ರೆ ಮಂಚದ ಮೇಲೆ ಕೊನೆಯ ಮಾತಾಡಿದ್ದು ಎಲ್ಲ ನನ್ನ ಗಂಟಲಿನದು. ಸಿನಿಮಾ ಮುಗಿದ ಮೇಲೆ ಲೈಟ್ ಹಿಡಿದವರ ಹೆಸರು, ಊಟ ಬಡಿಸಿದವರ ಹೆಸರು ಬರುತ್ತಿತ್ತು. ನನ್ನದು ಬರುತ್ತಿರಲಿಲ್ಲ, ಬರಬಾರದೆಂದೇ ಮಾತಾಗಿತ್ತು. ಜನ ಆ ದನಿ ಅವಳದೇ ಎಂದು ನಂಬಿದ್ದರು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಎಂದು ನಾನು ನಗುತ್ತಿದ್ದೆ. ಆದರೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಎದುರಿಗೆ ಸಿಕ್ಕರೆ ನಾನು ಅವಳನ್ನು ‘ಮೇಡಂ’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಅವಳು ‘ಅವಳು’. ಸಿಕ್ಕಿದ್ದಾದರೂ ಎಷ್ಟು ಸಲ? ಅಷ್ಟು ವರ್ಷಗಳಲ್ಲಿ ಮೂರು ಸಲ. ಆದರೆ ಅವಳ ಮುಖವನ್ನು ನಾನು ನೋಡಿದಷ್ಟು ಅವಳ ಹೆತ್ತ ತಾಯಿಯೂ ನೋಡಿರಲಿಕ್ಕಿಲ್ಲ. ಡಬ್ಬಿಂಗ್ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅದೇ ನಾಲ್ಕು ಮಾತನ್ನು ಇಪ್ಪತ್ತು ಸಲ ತಿರುಗಿಸಿ ನೋಡುತ್ತಾ ನಿಲ್ಲಬೇಕು. ಮಾತಿಗೆ ಮುಂಚೆ ಅವಳು ಒಮ್ಮೆ ಉಗುಳು ನುಂಗುತ್ತಾಳೆ. ಗಂಟಲ ಕುಳಿ ಅಲುಗಿತೋ, ಅಲ್ಲಿ ನಾನು ಉಸಿರು ಎಳೆದುಕೊಳ್ಳಬೇಕು. ಹಾಗೆ ಮಾಡಿದರೆ ತುಟಿಗೆ ಮಾತು ಸರಿಯಾಗಿ ಕೂರುತ್ತದೆ.

ಹೆಡ್‌ಫೋನಿನಲ್ಲಿ ಬರುತ್ತಿದ್ದದ್ದು ಚಿತ್ರೀಕರಣದಲ್ಲಿ ಅವಳೇ ಆಡಿದ ಮಾತು. ಅವಳು ಹೊರರಾಜ್ಯದವಳು. ಮೊದಲ ಸಿನಿಮಾದಲ್ಲಿ ಕನ್ನಡ ಒಂದಕ್ಷರವೂ ಬಾರದೆ, ಅವಳ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಅತ್ತಿದ್ದಳು. ಆಮೇಲೆ ಒಂದೊಂದೇ ಮಾತು ಕಲಿತಳು. ಎಂಟು ಹತ್ತು ವರ್ಷಕ್ಕೆ ನಮ್ಮವಳೇ ಆದಳು, ಕನ್ನಡದಲ್ಲೇ ಬಯ್ಯುವಷ್ಟು. ದನಿ ಮಾತ್ರ ದಪ್ಪ, ಒರಟು. ಬೆಳಗಾಗೆದ್ದು ಇನ್ನೂ ಮುಖ ತೊಳೆಯದವರ ದನಿ. ನಿರ್ದೇಶಕರು ಅದನ್ನು ಕೇಳಿ ಮುಖ ಸಿಂಡರಿಸಿ ನನಗೆ ಹೇಳಿಕಳಿಸುತ್ತಿದ್ದರು.

ಅವಳಿಗೆ ಸಿನಿಮಾ ಕಡಿಮೆಯಾದಂತೆ ನನಗೂ ಕೆಲಸ ಕಡಿಮೆಯಾಯಿತು. ನಾನು ನಂಜನಗೂಡಿಗೆ, ಅಣ್ಣನ ಮನೆಗೆ ಬಂದು ಸೇರಿದೆ. ಅವಳು ಒಂದು ಪಕ್ಷ ಸೇರಿದಳು. ಎರಡು ವರ್ಷ ಬೇರೆಯವರ ಪ್ರಚಾರಕ್ಕೆ ಹೋಗಿ ಕೈಬೀಸಿ ಬಂದಳು. ಮೂರನೇ ವರ್ಷ ಅವಳಿಗೇ ಟಿಕೆಟ್ ಸಿಕ್ಕಿತು, ಅದೂ ನಮ್ಮ ಪಕ್ಕದ ತಿ. ನರಸೀಪುರದ ಕಡೆಗೆ.

ಒಂದು ಬೆಳಿಗ್ಗೆ ಆ ಪಕ್ಷದ ತಾಲ್ಲೂಕು ಮುಖಂಡರೊಬ್ಬರು ನಮ್ಮ ಮನೆ ಬಾಗಿಲಿಗೆ ಬಂದರು. ಕಾಫಿ ಕುಡಿದು, ಗಡ್ಡ ಕೆರೆದುಕೊಂಡು, ವಿಷಯಕ್ಕೆ ಬಂದರು.

“ನಮ್ ಜನಕ್ಕೆ ಆಯಮ್ಮನ ಮುಖ ಗೊತ್ತು, ನಿಮ್ ದನಿ ಗೊತ್ತು. ಓಟು ಬೀಳ್ಬೇಕು ಅಂದ್ರೆ ಎರಡೂ ಬೇಕು ಕಣ್ರೀ. ಆಟೋದಲ್ಲಿ ಹಾಕಕ್ಕೆ, ಫೋನ್‌ಗೆ ಬಿಡಕ್ಕೆ ಒಂದೊಂದು ಊರಿಗೂ ಎರಡೆರಡು ನಿಮಿಷ ಮಾತಾಡ್ಕೊಡಿ, ಸಾಕು.”

ನನಗೆ ಎಷ್ಟು ಖುಷಿಯಾಯಿತೆಂದರೆ ಒಲ್ಲೆ ಅನ್ನುವ ನಾಟಕವನ್ನೂ ಆಡಲಿಲ್ಲ. ಅತ್ತಿಗೆ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಅವರು ಹೋದ ಮೇಲೆ ಬಂದು ಹೇಳಿದಳು: “ಸಿನಿಮಾದಲ್ಲಿ ಆಡಿದ್ದು ಸಿನಿಮಾ ಮುಗಿದ್ರೆ ಮುಗೀತು. ಇದು ಹಂಗಲ್ಲ ಕಣೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.” ನಾನು ಅತ್ತಿಗೆಗೆ ಅಸೂಯೆ ಎಂದುಕೊಂಡೆ.

ಮೈಸೂರಿನ ಒಂದು ಪುಟ್ಟ ಸ್ಟುಡಿಯೋದಲ್ಲಿ ಕೂರಿಸಿ ನನ್ನ ಕೈಗೆ ಹಾಳೆ ಕೊಟ್ಟರು. ಊರ ಹೆಸರು, ಅದರ ಮುಂದೆ ಏನು ಬೇಕೋ ಅದು. ಈ ಊರಿಗೆ ಚರಂಡಿ, ಆ ಊರಿಗೆ ಕುಡಿಯುವ ನೀರು. ಸೋಮನಾಥಪುರದ ಆಚೆಯ ಒಂದು ಸಣ್ಣ ಹಳ್ಳಿಯ ಮುಂದೆ ‘ಬಸ್ ಸೌಲಭ್ಯ ಪರಿಶೀಲನೆ’ ಎಂದಿತ್ತು. ಓದಿದರೆ ಸರ್ಕಾರಿ ಕಾಗದದ ವಾಸನೆ. ನಮ್ಮ ಕಸುಬಿನವರಿಗೆ ಒಂದು ಕೆಟ್ಟ ಅಭ್ಯಾಸ ಉಂಟು. ಬರೆದ ಮಾತು ಬಾಯಿಗೆ ಒಗ್ಗದಿದ್ದರೆ ಅಲ್ಲೇ ತಿದ್ದಿಬಿಡುತ್ತೇವೆ, ಯಾರನ್ನೂ ಕೇಳುವುದಿಲ್ಲ. ನಾನು ತಿದ್ದಿದೆ. “ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಅರಳಿಕಟ್ಟೆ ಮುಂದೆ ಬಸ್ಸು ಬಂದು ನಿಲ್ಲುತ್ತೆ. ನಿಮ್ಮ ಹೆಣ್ಣುಮಕ್ಕಳು ನಗ್ತಾ ನಗ್ತಾ ಕಾಲೇಜಿಗೆ ಹೋಗ್ತಾರೆ. ಇದು ನಿಮ್ಮ ಮನೆಮಗಳ ಮಾತು.” ಮುಖಂಡರು ಕಣ್ಣೊರೆಸಿಕೊಂಡರು. ನನಗೆ ಬಹಳ ದಿನದ ಮೇಲೆ ಜೀವ ಬಂದಂತಾಯಿತು.

ಆ ಹಳ್ಳಿಯಲ್ಲೇ ಅವಳ ಮೊದಲ ಸಭೆ. ನನ್ನನ್ನೂ ಕರೆದುಕೊಂಡು ಹೋಗಿ ಹಿಂದಿನ ಜೀಪಿನಲ್ಲಿ ಕೂರಿಸಿದ್ದರು. ಮೂರು ದಿನದಿಂದ ಆಟೋದಲ್ಲಿ ನನ್ನ ದನಿ ಕೇಳಿದ ಜನ ಅರಳಿಕಟ್ಟೆಯ ಸುತ್ತ ನೆರೆದಿದ್ದರು. ಅವಳು ಕೈಮುಗಿದು, ಮೈಕ್ ತೆಗೆದುಕೊಂಡು, ತನ್ನ ಸ್ವಂತ ದನಿಯಲ್ಲಿ “ಎಲ್ಲರಿಗೂ ನಮಸ್ಕಾರ” ಎಂದಳು. ಜನ ಮುಖಮುಖ ನೋಡಿಕೊಂಡರು. ಈಗ ಗುಟ್ಟು ರಟ್ಟಾಯಿತು ಅಂದುಕೊಂಡೆ.

ಮುಂದೆ ನಿಂತಿದ್ದ ಮುದುಕಿಯೊಬ್ಬಳು ಕೆನ್ನೆಗೆ ಕೈಯಿಟ್ಟುಕೊಂಡಳು. “ಅಯ್ಯೋ ಸಿವ್ನೆ, ಮಗಿನ ಗಂಟ್ಲೇ ಒಂಟೋಗದಲ್ರವ್ವಾ! ಬಿಸ್ಲಲ್ಲಿ ಕೂಗಿ ಕೂಗಿ ಇಂಗಾಗದೆ. ಇರವ್ವ, ಮಾತಾಡ್ಬ್ಯಾಡ, ಬಂದೆ.” ಹಾಗೆಂದು ಮನೆಗೆ ಓಡಿ, ಮೆಣಸು ಬೆಲ್ಲ ಹಾಕಿ ಕಾಸಿದ ಕಷಾಯವನ್ನು ಚೊಂಬಿನಲ್ಲಿ ತಂದಳು. ಸಭೆ ಕಾಯುತ್ತಾ ನಿಂತಿತ್ತು. ಅವಳು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಮುಖಂಡರು ಮೈಕ್ ಕಿತ್ತುಕೊಂಡು, “ಮೇಡಂ ಅವರ ಗಂಟಲು ಕಟ್ಟಿದೆ, ನಿಮ್ಮ ಪ್ರೀತಿ ಇಷ್ಟಿರಲಿ” ಎಂದು ಸಭೆ ಮುಗಿಸಿದರು.

ಸುದ್ದಿ ಅವಳಿಗಿಂತ ಮುಂದೆ ಓಡಿತು. ಬನ್ನೂರು ಕಡೆಯ ಯಾವ ಹಳ್ಳಿಗೆ ಹೋದರೂ ಹೆಂಗಸರು ಶುಂಠಿ, ಜೇನು, ಬಿಸಿನೀರು ಹಿಡಿದು ಕಾಯುತ್ತಿದ್ದರು. ಹತ್ತು ದಿನ ಅವಳು ಬಾಯಿ ಬಿಡದೆ ಕೈಮುಗಿದಳು, ಕೊಟ್ಟದ್ದನ್ನೆಲ್ಲ ಕುಡಿದಳು. ನನ್ನ ದನಿ ಮುಂದೆ ಮುಂದೆ ಆಟೋದಲ್ಲಿ ಹೋಗುತ್ತಿತ್ತು. ಆದರೆ ತಿ. ನರಸೀಪುರದ ಕೊನೆಯ ಸಭೆಯಲ್ಲಿ ಬರೀ ಕೈಮುಗಿದರೆ ಆಗದು. ಮುಖಂಡರು ಉಪಾಯ ಹೂಡಿದರು. ವೇದಿಕೆಯ ಪರದೆಯ ಹಿಂದೆ ನಾನು ಮೈಕ್ ಹಿಡಿದು ಕೂರುವುದು, ಮುಂದೆ ಅವಳು ಬರೀ ತುಟಿ ಆಡಿಸುವುದು.

ಸಭೆಯ ದಿನ ಮಧ್ಯಾಹ್ನ ಪ್ರವಾಸಿ ಮಂದಿರದ ಕೋಣೆಯಲ್ಲಿ ನಮ್ಮಿಬ್ಬರನ್ನೇ ಬಿಟ್ಟರು, ಭಾಷಣ ಒಂದು ಸಲ ಆಡಿ ನೋಡಿ ಎಂದು. ಅವಳು ಹಾಳೆಯನ್ನು ಮಂಚದ ಮೇಲಿಟ್ಟಳು.

“ಅಕ್ಕ, ಇವತ್ತು ನೀವು ಸುಮ್ಮನಿದ್ದುಬಿಡಿ.”

ನನಗೆ ಸಿಟ್ಟು ನೆತ್ತಿಗೇರಿತು. “ನಾನು ಸುಮ್ಮನಿದ್ದರೆ ನಿಮ್ಮನ್ನು ಕೇಳೋರ್ಯಾರು ಮೇಡಂ?” ಅಂದುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಒಳಗಿದ್ದ ಮಾತು ಅದು.

ಅವಳು ಸಿಟ್ಟಾಗಲಿಲ್ಲ. “ಅದನ್ನೇ ನೋಡಬೇಕು ಅಂತ. ಸಿನಿಮಾಗೆ ಮುಖ ಸಾಕಿತ್ತು. ನಾಳೆ ಗೆದ್ದರೆ ವಿಧಾನಸಭೆಗೂ ನಿಮ್ಮನ್ನು ಕರೆದುಕೊಂಡು ಹೋಗೋಕಾಗುತ್ತಾ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: “ನನ್ನ ದನಿಯನ್ನು ಮೊದಲಿಂದ ಕೊನೇವರೆಗೂ ಕೇಳಿದವರು ನೀವೊಬ್ಬರೇ. ನಿಜ ಹೇಳಿ ಅಕ್ಕ, ಅಷ್ಟು ಕೆಟ್ಟದಾಗಿದೆಯಾ?”

ನನಗೆ ಒಂದು ಸಿನಿಮಾ ನೆನಪಾಯಿತು. ಸತ್ತ ತಂಗಿಯ ಮುಂದೆ ಅವಳು ಕೂತು ಮಾತಾಡುವ ದೃಶ್ಯ. ಆ ಒರಟು ದನಿ ಒಡೆದು ಹೆಡ್‌ಫೋನಿನಲ್ಲಿ ಬಂದಾಗ ನಾನು ಡಬ್ಬಿಂಗ್ ನಿಲ್ಲಿಸಿ ಹೊರಗೆ ಹೋಗಿ ಅತ್ತಿದ್ದೆ. ನನ್ನಿಂದ ಹಾಗೆ ಮಾಡಲು ಆಗಲಿಲ್ಲ. ಇದನ್ನೇ ಇಟ್ಟುಕೊಳ್ಳಿ ಎಂದು ನಿರ್ದೇಶಕರಿಗೆ ಹೇಳಬಹುದಿತ್ತು. ಹೇಳಿದ್ದರೆ ನನ್ನ ಅನ್ನ ಹೋಗುತ್ತಿತ್ತು, ಹೇಳಲಿಲ್ಲ. ಆ ಸಿನಿಮಾಕ್ಕೆ ಅವಳಿಗೆ ಬಹುಮಾನ ಬಂದಾಗ ಅರ್ಧ ನನ್ನದು ಎಂದು ಅತ್ತಿಗೆಯ ಮುಂದೆ ಕೊಚ್ಚಿಕೊಂಡಿದ್ದೆ.

“ಕೆಟ್ಟದಾಗಿಲ್ಲ,” ಎಂದಷ್ಟೇ ಹೇಳಿದೆ. ಉಳಿದದ್ದು ಬಾಯಿಗೆ ಬರಲಿಲ್ಲ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಸಂಜೆ ಪರದೆಯ ಹಿಂದೆ ಕೂತೆ. ಸುಮ್ಮನಿರುತ್ತೇನೆಂದು ನಾನು ಅವಳಿಗೆ ಒಪ್ಪಿಕೊಂಡಿರಲಿಲ್ಲ. ಪಕ್ಕದಲ್ಲಿ ಮುಖಂಡರು ಬೆವರು ಒರೆಸಿಕೊಳ್ಳುತ್ತಿದ್ದರು. ಪರದೆಯ ಸಂದಿಯಲ್ಲಿ ಅವಳ ಮುಖದ ಒಂದು ಪಕ್ಕ ಕಾಣುತ್ತಿತ್ತು. ಗಂಟಲ ಕುಳಿ ಅಲುಗಿತು. ನನ್ನ ಉಸಿರು ತಾನಾಗಿ ಒಳಗೆ ಬಂತು. ಬಂದ ಉಸಿರನ್ನು ಹಾಗೇ ಹಿಡಿದು, ನನ್ನ ಮೈಕಿನ ಗುಂಡಿ ಆರಿಸಿದೆ.

ಅವಳೇ ಮಾತಾಡಿದಳು. “ನನ್ನ ಗಂಟಲಿಗೆ ಏನೂ ಆಗಿಲ್ಲ. ಇರುವುದೇ ಹೀಗೆ. ನೀವು ಸಿನಿಮಾದಲ್ಲಿ, ಫೋನಿನಲ್ಲಿ ಕೇಳಿದ್ದು ನಂಜನಗೂಡಿನ ಒಬ್ಬ ಅಕ್ಕನ ದನಿ. ಮೊದಲೇ ಹೇಳಬೇಕಿತ್ತು. ನಿಮ್ಮ ಕಷಾಯ ಕುಡಿದದ್ದು ತಪ್ಪಾಯಿತು.”

ಜನ ನಗಲೂ ಇಲ್ಲ, ಬೈಯಲೂ ಇಲ್ಲ. ಮುಖಂಡರು ತಲೆಯ ಮೇಲೆ ಟವೆಲ್ ಎಳೆದುಕೊಂಡರು. ನಾನು ಬದುಕಿಡೀ ಕಾದ ಮಾತು ಅದು, ಮೈಕಿನಲ್ಲಿ, ನಮ್ಮ ಜನರ ಮುಂದೆ. ಹಿಗ್ಗುವಷ್ಟರಲ್ಲಿ ಸಭೆಯ ನಡುವಿನಿಂದ ಕಷಾಯದ ಮುದುಕಿ ಎದ್ದು ನಿಂತಳು. ಟ್ರ್ಯಾಕ್ಟರಿನಲ್ಲಿ ಬಂದಿದ್ದವಳು, ಪಕ್ಕದಲ್ಲಿ ಕಾಲೇಜು ಮೊಮ್ಮಗಳಿದ್ದಳು.

“ಕಸಾಯದ ಮಾತು ಬುಡವ್ವ. ಎಂಟ್ ಗಂಟೆ ಬಸ್ಸು ಅಂದೋರ್ಯಾರು?”

ಅವಳಿಗೆ ಏನೂ ಗೊತ್ತಿರಲಿಲ್ಲ. ಹಾಳೆಯಲ್ಲಿದ್ದದ್ದು ಬರೀ ‘ಪರಿಶೀಲನೆ’, ಎಂಟು ಗಂಟೆಯ ಬಸ್ಸು ನಾನು ಸೇರಿಸಿದ್ದು. ಅವಳು ಪರದೆಯ ಕಡೆ ತಿರುಗಿದಳು. ನಾನು ಎದ್ದು ಹೊರಗೆ ಬಂದೆ. ಜೀವಮಾನದಲ್ಲಿ ಮೊದಲ ಸಲ ಪರದೆಯ ಈಚೆ ನಿಂತಿದ್ದೆ.

“ನಾನು ಅಂದಿದ್ದು ಅಜ್ಜಿ.”

“ಓಟಿಗೆ ನಿಂತಿರೋಳು ನೀನಾ?”

“ಅಲ್ಲ.”

“ಮತ್ಯಾಕಂದೆ?”

ಚೆನ್ನಾಗಿ ಕೇಳಿಸಲಿ ಅಂತ ಅಂದೆ ಎಂದು ಹೇಗೆ ಹೇಳುವುದು? “ನಮ್ ಮಗು ದಿನಾ ಬೆಳಿಗ್ಗೆ ಟಾರ್ ರೋಡ್‌ಗಂಟ ನಡೀತದೆ ಕಣವ್ವ,” ಎಂದು ಮೊಮ್ಮಗಳನ್ನು ತೋರಿಸಿ ಮುದುಕಿ ಕೂತಳು.

ಚುನಾವಣೆಯಲ್ಲಿ ಅವಳು ಸೋತಳು. ಹೀನಾಯವಾಗಿಯೇನಲ್ಲ. ಈಗ ಪಕ್ಷದ ವಕ್ತಾರೆಯಾಗಿ ಟಿವಿ ಚರ್ಚೆಗಳಲ್ಲಿ ಕೂರುತ್ತಾಳೆ, ಆ ಒರಟು ದನಿ ಎತ್ತಿದರೆ ಎದುರಿನ ಗಂಡಸರು ತೆಪ್ಪಗಾಗುತ್ತಾರೆ. ನೋಡಿದಾಗ ನನಗೆ ಸಂತೋಷವೇ ಆಗುತ್ತದೆ. ಸೋತವರನ್ನು ಬಸ್ಸು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ. ತಿ. ನರಸೀಪುರದ ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡಲು ಬಾಯಿ ತೆಗೆದರೆ ಸಾಕು, ಪಕ್ಕದವರು ತಿರುಗಿ, “ಎಂಟ್ ಗಂಟೆ ಬಸ್ಸಿನ ಅಕ್ಕ ಅಲ್ವಾ?” ಅನ್ನುತ್ತಾರೆ. ಮೊದಮೊದಲು ದನಿ ಬದಲಿಸಿ ಮಾತಾಡಿದೆ, ಆಮೇಲೆ ಸಂತೆಗೆ ಹೋಗುವುದನ್ನೇ ಬಿಟ್ಟೆ. ಎಷ್ಟು ದಿನ ಹಾಗಿರಲಿ?

ಹೋದ ತಿಂಗಳು ಆ ಹಳ್ಳಿಗೆ ಹೋಗಿ, ಮನೆಮನೆಯ ಸಹಿ, ಮುದುಕಿಯ ಹೆಬ್ಬೆಟ್ಟು ಹಾಕಿಸಿಕೊಂಡು, ಅರ್ಜಿ ಹಿಡಿದು ಬಸ್ ಡಿಪೋಗೆ ಹೋದೆ. ವ್ಯವಸ್ಥಾಪಕರು ಅರ್ಜಿ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಎಲ್ಲ ಕಚೇರಿಯಲ್ಲೂ ಕೇಳುವ ಪ್ರಶ್ನೆ ಕೇಳಿದರು.

“ಯಾರ ಕಡೆಯಿಂದ ಬಂದಿದ್ದೀರಮ್ಮ?”

“ಯಾರ ಕಡೆಯಿಂದಲೂ ಅಲ್ಲ ಸಾರ್,” ಎಂದೆ. “ನಾನೇ ಬಂದಿದ್ದೀನಿ.”