ಗುಡ್ಡದ ಮೇಲೆ ಪವರ್ ಪ್ರೆಸ್

ಪೀಣ್ಯದ ಕಾರ್ಖಾನೆಗಳ ಪಕ್ಕದಲ್ಲೇ ಇರುವ ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಪವರ್ ಪ್ರೆಸ್ ಇದೆ. ಹಗಲೂ ರಾತ್ರಿ ತಗಡು ಕುಟ್ಟುತ್ತದೆ. ‘ಧಡ್, ಧಡ್’ ಎಂದು ಅದು ಬಡಿದಾಗಲೆಲ್ಲ ನಮ್ಮ ಅಡುಗೆಮನೆಯ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಅದರ ಮಾಲೀಕರೊಂದಿಗೆ ನಾನು ಜಗಳವಾಡದ ವಾರವಿಲ್ಲ. ದೂರು ಕೊಡುವಾಗ ಸಾಕ್ಷಿಗಿರಲಿ ಎಂದು ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿಟ್ಟುಕೊಂಡಿದ್ದೆ.

ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗೋಣ ಎಂದು ಹೆಂಡತಿಯನ್ನು ಕರೆದುಕೊಂಡು, ಬೆನ್ನಿಗೆ ದೊಡ್ಡ ಬ್ಯಾಗು ಹೇರಿಕೊಂಡು ಗುಡ್ಡ ಹತ್ತಿದೆ. ಟೆಂಟು, ಗಾಳಿ ತುಂಬುವ ದಿಂಬು, ಬೆಚ್ಚನೆಯ ಸ್ಲೀಪಿಂಗ್ ಬ್ಯಾಗು ಎಲ್ಲ ಹೊಸದು. ಮಲಗಿದರೆ ನಿದ್ದೆಯೇ ಇಲ್ಲ. ಆ ಮೌನಕ್ಕಿಷ್ಟು ಬೆಂಕಿ ಹಾಕ! ನಮ್ಮ ಬೀದಿಯಲ್ಲಿ ಪ್ರೆಸ್ ನಿಂತಿತೆಂದರೆ ಕರೆಂಟ್ ಹೋಯಿತೆಂದೇ ಅರ್ಥ. ಎಲ್ಲರೂ ಎದ್ದು ಕೂರುತ್ತೇವೆ. ಗುಡ್ಡದ ಮೇಲೂ ಕಣ್ಣು ಮುಚ್ಚಿದಾಗಲೆಲ್ಲ ನನ್ನ ಕೈ ಮೇಣದಬತ್ತಿಗಾಗಿ ತಡಕಾಡುತ್ತಿತ್ತು.

“ಎಷ್ಟು ಒದ್ದಾಡ್ತೀರ್ರೀ!” ಎಂದು ಗೊಣಗುತ್ತ ಹೆಂಡತಿ ನನ್ನ ಫೋನು ಕಸಿದುಕೊಂಡು ಏನನ್ನೋ ಒತ್ತಿದಳು. ಧಡ್, ಧಡ್! ಆಹಾ, ರೆಪ್ಪೆಗಳು ತಾವಾಗಿಯೇ ಭಾರವಾದವು.

ಅಷ್ಟರಲ್ಲಿ ಪಕ್ಕದ ಟೆಂಟಿನಿಂದ ಅಪರಿಚಿತ ಗಂಡಸಿನ ದನಿ ಬಂತು. “ಅಣ್ಣ, ಏನದು ಸೌಂಡು? ಪವರ್ ಪ್ರೆಸ್ಸಾ?”

ಇನ್ನು ಬೈಗುಳ ಕಾದಿದೆ ಎಂದುಕೊಂಡು, “ಸಾರಿ, ಆಫ್ ಮಾಡ್ಬಿಡ್ತೀನಿ” ಎಂದೆ.

“ಅಯ್ಯೋ ಬೇಡಣ್ಣ! ನಾವೂ ಪೀಣ್ಯದೋರೇ. ಇನ್ನೊಂಚೂರು ಜೋರಾಗಿಡಿ.”